ನಿಂತ ಗಾಡಿಯ ಫ್ರಿಜ್



ಓಡುವ ಫ್ರಿಜ್ಜನ್ನು ನೋಡಿಕೊಳ್ಳುವುದು ಹೇಗೆಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಿಂತ ಫ್ರಿಜ್ಜನ್ನು ಯಾರೂ ಕೇಳುವುದಿಲ್ಲ. ಸ್ವಿಚ್ ಆರಿಸಿ, ಬಾಗಿಲು ಮುಚ್ಚಿ, ಆರು ತಿಂಗಳು ಬಿಟ್ಟು ಬಂದರೆ ಆ ಪೆಟ್ಟಿಗೆಯೊಳಗೆ ಏನಾಗಿರುತ್ತದೆ? ಐಟಿಐಯಲ್ಲಿ ಫ್ರಿಜ್, ಎಸಿ ರಿಪೇರಿ ಕಲಿಸುತ್ತಿದ್ದವನು ನಾನು. ಹಾಗಾಗಿ ಮಿಷಿಗನ್ನಿನಲ್ಲಿ ಮಗನ ಮನೆಯಲ್ಲಿದ್ದಾಗ ಅಲ್ಲಿನ ಸರೋವರ, ಸೇಬಿನ ತೋಟಗಳಷ್ಟೇ ಆಸೆಯಿಂದ ಅಕ್ಕಪಕ್ಕದವರ ಅಂಗಳದ ಗಾಡಿಗಳ ಫ್ರಿಜ್ಜುಗಳನ್ನೂ ನೋಡಿದೆ. ವರ್ಷ ವರ್ಷವೂ ಐದಾರು ತಿಂಗಳು ಫ್ರಿಜ್ ನಿಲ್ಲಿಸಿಡುವ ಜನ ಅವರು. ಅವರ ಕ್ರಮದಲ್ಲಿ ನಮಗೂ ಉಪಯೋಗಕ್ಕೆ ಬರುವ ಸಂಗತಿಗಳಿವೆ.

ಆ ಗಾಡಿಗಳಿಗೆ ಅಲ್ಲಿ ಆರ್‌ವಿ ಎಂದು ಹೆಸರು. ಆರ್‌ವಿ ಎಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ ಗಾಡಿ. ಸಿನಿಮಾದವರ ದೆಸೆಯಿಂದ ಕ್ಯಾರವಾನ್ ಎಂಬ ಹೆಸರು ನಮಗೂ ಪರಿಚಯ. ಅಮೆರಿಕದಲ್ಲಿ ಅದು ಸಿನಿಮಾದವರ ಸ್ವತ್ತಲ್ಲ. ನಿವೃತ್ತ ಮೇಷ್ಟರು, ಬಡಗಿ, ನರ್ಸು, ಯಾರು ಬೇಕಾದರೂ ಇಟ್ಟುಕೊಂಡಿರುತ್ತಾರೆ. ಕೆಲವಕ್ಕೆ ತಮ್ಮದೇ ಎಂಜಿನ್ ಇರುತ್ತದೆ, ಕೆಲವನ್ನು ಪಿಕಪ್ ಗಾಡಿಯ ಹಿಂದೆ ಕಟ್ಟಿ ಎಳೆಯುತ್ತಾರೆ. ಅಲ್ಯೂಮಿನಿಯಂ ಹೊದಿಕೆಯ ಹೊಳೆಯುವ ಏರ್‌ಸ್ಟ್ರೀಮ್ ಗಾಡಿಗಳನ್ನು ವಾಲಿ ಬೈಯಮ್ ಎಂಬಾತ 1930ರ ದಶಕದಲ್ಲೇ ಮಾಡತೊಡಗಿದ್ದ. ಈಗ ಆ ದೇಶದ ಆರ್‌ವಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಜಿಲ್ಲೆಯಲ್ಲಿ. ಆರ್‌ವಿಗಳಿಗೆಂದೇ ಒಂದು ವಸ್ತುಸಂಗ್ರಹಾಲಯ ಕೂಡ ಅಲ್ಲಿದೆ.

ಉತ್ತರದ ರಾಜ್ಯಗಳಲ್ಲಿ ಅಕ್ಟೋಬರ್ ಬಂತೆಂದರೆ ಇವುಗಳ ತಿರುಗಾಟ ಮುಗಿಯಿತು. ಕೊಳವೆಗಳ ನೀರು ಬಸಿದು, ಹೆಪ್ಪುಗಟ್ಟದ ಒಂದು ಗುಲಾಬಿ ದ್ರವ ತುಂಬಿ, ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ, ಗಾಡಿಗೆ ಹೊದಿಕೆ ಹೊದೆಸಿ, ಏಪ್ರಿಲ್ ತನಕ ನಿಲ್ಲಿಸುತ್ತಾರೆ. ನೀರಿನ ಕೊಳವೆ ಒಡೆದೀತೆಂಬ ಭಯ ಎಲ್ಲರಿಗೂ ಇರುವುದರಿಂದ ಆ ಕೆಲಸವನ್ನು ಯಾರೂ ಮರೆಯುವುದಿಲ್ಲ. ಫ್ರಿಜ್ ಒಡೆಯುವುದಿಲ್ಲವಲ್ಲ, ಅದಕ್ಕೇ ಅದು ಮರೆತುಹೋಗುತ್ತದೆ. ವಸಂತದಲ್ಲಿ ಬಾಗಿಲು ತೆಗೆದರೆ ಒಳಗೋಡೆಯ ಮೇಲೆ ಕಪ್ಪು ಚುಕ್ಕೆ, ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ ಹಸಿರು ಬೂಷ್ಟು, ಗಾಡಿಯ ತುಂಬ ಮುಗ್ಗಲು ವಾಸನೆ.

ಈ ಗಾಡಿಗಳ ಫ್ರಿಜ್ಜಿನ ಒಳಗುಟ್ಟನ್ನು ಸ್ವಲ್ಪ ಹೇಳಲೇಬೇಕು. ಕಲಿಸಿದವನ ಚಾಳಿ, ಸಹಿಸಿಕೊಳ್ಳಿ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇದೆ, ಅದು ಗುರ್ ಎನ್ನುತ್ತದೆ. ಹಳೆಯ ಆರ್‌ವಿಗಳ ಫ್ರಿಜ್ಜಿನಲ್ಲಿ ಅದಿಲ್ಲ. ಅಲ್ಲಿ ತಂಪು ಮಾಡುವುದು ಬೆಂಕಿ. 1922ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಬಾಲ್ಟ್‌ಸರ್ ಫಾನ್ ಪ್ಲಾಟೆನ್, ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಕಂಡುಹಿಡಿದರು. ಅಮೋನಿಯಾ ಕರಗಿದ ನೀರನ್ನು ಸಣ್ಣ ಉರಿಯಿಂದ ಕಾಯಿಸಬೇಕು. ಅಮೋನಿಯಾ ಆವಿಯಾಗಿ ಮೇಲೇರಿ, ಅಲ್ಲಿ ತಣಿದು ದ್ರವವಾಗುತ್ತದೆ. ಆ ದ್ರವ ಕೆಳಗಿಳಿದು ಹೈಡ್ರೋಜನ್ ತುಂಬಿದ ಕೊಳವೆಯನ್ನು ಹೊಕ್ಕಾಗ ಮತ್ತೆ ಆವಿಯಾಗುತ್ತದೆ, ಆಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕೊನೆಗೆ ನೀರು ಅಮೋನಿಯಾವನ್ನು ಕುಡಿದು ಮೊದಲಿನ ಜಾಗಕ್ಕೆ ತರುತ್ತದೆ. ಚಲಿಸುವ ಭಾಗ ಒಂದೂ ಇಲ್ಲ, ಸದ್ದೂ ಇಲ್ಲ. 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ಇದರ ಹಕ್ಕು ಕೊಂಡಿತು. ಇವತ್ತು ಆರ್‌ವಿ ಫ್ರಿಜ್ಜುಗಳಿಗೆ ಹೆಸರಾದ ಡೊಮೆಟಿಕ್ ಕಂಪನಿ ಅದೇ ಬೇರಿನ ಕವಲು. ದೊಡ್ಡ ಹೋಟೆಲಿನ ಕೋಣೆಯಲ್ಲಿ ಸದ್ದಿಲ್ಲದೆ ಕೂತಿರುವ ಪುಟ್ಟ ಫ್ರಿಜ್ ಸಹ ಹೆಚ್ಚಾಗಿ ಇದೇ ಜಾತಿಯದು. ಐನ್‌ಸ್ಟೈನ್ ಕೂಡ ಲಿಯೋ ಸಿಲಾರ್ಡ್ ಜೊತೆ ಸೇರಿ ಚಲಿಸುವ ಭಾಗವಿಲ್ಲದ ಫ್ರಿಜ್ಜೊಂದಕ್ಕೆ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರು. ಅದು ಅಂಗಡಿಗೆ ಬರಲೇ ಇಲ್ಲ.

ಕಾಡಿನ ನಡುವೆ ಕರೆಂಟ್ ಇಲ್ಲದ ಕಡೆ ಗಾಡಿ ನಿಲ್ಲಿಸಿದರೂ ಗ್ಯಾಸಿನ ಉರಿಯಿಂದ ಫ್ರಿಜ್ ನಡೆಯುತ್ತದೆ ಎಂಬುದೇ ಇದರ ಹಿರಿಮೆ. ಹೊಸ ಗಾಡಿಗಳಿಗೆ ಈಗೀಗ 12 ವೋಲ್ಟ್ ಬ್ಯಾಟರಿಯಲ್ಲಿ ಓಡುವ ಕಂಪ್ರೆಸರ್ ಫ್ರಿಜ್ಜುಗಳು ಬರುತ್ತಿವೆ. ಯಾವುದಾದರೂ ಇರಲಿ, ನಿಲ್ಲಿಸಿದ ಮೇಲೆ ಎರಡೂ ಒಂದೇ. ದಪ್ಪ ಗೋಡೆಯ, ಗಾಳಿಯಾಡದ, ಕತ್ತಲೆಯ ಪೆಟ್ಟಿಗೆ.

ಬೂಷ್ಟಿಗೆ ಬೇಕಾದ್ದು ಇಂಥದೇ ಜಾಗ. ಅದರ ಬೀಜಾಣು ಎಲ್ಲಿಂದಲೋ ಬರಬೇಕಾಗಿಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ಇದೆ. ತಿನ್ನಲು ಅದಕ್ಕೆ ಹೆಚ್ಚೇನೂ ಬೇಡ. ಹಾಲಿನ ಒಂದು ಹನಿಯ ಕಲೆ, ಉಪ್ಪಿನಕಾಯಿ ಬಾಟಲಿಯ ಅಡಿಯ ಎಣ್ಣೆಜಿಡ್ಡು, ಬಾಗಿಲಿನ ಹಿಡಿಯಲ್ಲಿ ಉಳಿದ ಬೆರಳಿನ ಕೊಳೆ ಸಾಕು. ಇವೆರಡರ ಜೊತೆಗೆ ಅದಕ್ಕೆ ಬೇಕಾದ ಮೂರನೆಯದು ನೀರು. ಬೀಜಾಣುವನ್ನು ತಡೆಯುವುದು ನಮ್ಮ ಕೈಲಿಲ್ಲ. ತಿನಿಸನ್ನು ಮುಕ್ಕಾಲು ಪಾಲು ತೊಳೆದು ತೆಗೆಯಬಹುದು. ನೀರನ್ನು ಮಾತ್ರ ಪೂರಾ ತೆಗೆಯಬಹುದು. ಫ್ರಿಜ್ಜನ್ನು ತಾಜಾ ಇಡುವ ಕೆಲಸವೆಲ್ಲ ಈ ಮೂರನೆಯದರಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಸಿಗುವ ಸುವಾಸನೆಯ ಡಬ್ಬಿಗಳಿಗೆ ಇಲ್ಲಿ ಏನೂ ಕೆಲಸವಿಲ್ಲ.

ಬೂಷ್ಟನ್ನು ಬೈದು ಮುಗಿಸುವ ಮೊದಲು ಅದಕ್ಕೆ ಸಲ್ಲಬೇಕಾದ ಮರ್ಯಾದೆಯನ್ನೂ ಸಲ್ಲಿಸಿಬಿಡುತ್ತೇನೆ. ಇಂಡಿಯಾನಾದ ಪಕ್ಕದ ಇಲಿನಾಯ್ ರಾಜ್ಯದಲ್ಲಿ ಪಿಯೋರಿಯಾ ಎಂಬ ಊರಿದೆ. 1943ರಲ್ಲಿ ಅಲ್ಲಿಯ ಮಾರುಕಟ್ಟೆಯಲ್ಲಿ ಸಿಕ್ಕಿದ ಒಂದು ಕೊಳೆತ ಕರಬೂಜದ ಹಣ್ಣಿನ ಮೇಲಿನ ಬೂಷ್ಟು ಪೆನಿಸಿಲಿನ್ನನ್ನು ಧಾರಾಳವಾಗಿ ಕೊಡುತ್ತದೆಂದು ಸರಕಾರಿ ಪ್ರಯೋಗಾಲಯದವರು ಕಂಡುಕೊಂಡರು. ಯುದ್ಧಕಾಲದಲ್ಲಿ ಆ ಔಷಧ ರಾಶಿ ರಾಶಿಯಾಗಿ ತಯಾರಾಗಲು ಅದು ದಾರಿಯಾಯಿತು. ಹಣ್ಣಿನ ಮೇಲೆ ಅದು ಏನಾದರೂ ಮಾಡಿಕೊಳ್ಳಲಿ, ನಮ್ಮ ಫ್ರಿಜ್ಜಿನಲ್ಲಿ ಬೇಡ.

ಹಾಗಾದರೆ ನಿಂತ ಫ್ರಿಜ್ಜಿನೊಳಗೆ ನೀರು ಎಲ್ಲಿಂದ ಬರುತ್ತದೆ? ಗಾಳಿಯ ತೇವದಿಂದ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ. 30 ಡಿಗ್ರಿ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಆರ್‌ವಿಯ ಒಂದು ಸಾಧಾರಣ ಫ್ರಿಜ್ ಸುಮಾರು 225 ಲೀಟರಿನದು, ಅಂದರೆ ಘನ ಮೀಟರಿನ ಕಾಲು ಭಾಗಕ್ಕಿಂತಲೂ ಕಡಿಮೆ. ಅದರೊಳಗೆ ಒದ್ದೆ ಗಾಳಿಯನ್ನೇ ತುಂಬಿ ಬಾಗಿಲು ಹಾಕಿದರೂ ಸಿಗುವ ನೀರು 7 ಗ್ರಾಂ, ಸಣ್ಣ ಚಮಚದಲ್ಲಿ ಒಂದೂವರೆ ಚಮಚ. ನಿಜವಾದ ನೀರು ಇರುವುದು ಫ್ರೀಜರಿನ ಗೋಡೆಗೆ ಕಟ್ಟಿಕೊಂಡ ಹಿಮದಲ್ಲಿ. ಬೇಸಿಗೆಯುದ್ದಕ್ಕೂ ಬಾಗಿಲು ತೆಗೆದು ಹಾಕುವಾಗ ಒಳನುಗ್ಗಿದ ತೇವವೆಲ್ಲ ಅಲ್ಲಿ ಕೂಡಿಕೊಂಡಿರುತ್ತದೆ. ಅರ್ಧ ಕೆಜಿ ಹಿಮವಿದ್ದರೆ ಅರ್ಧ ಲೀಟರ್ ನೀರು. ಸ್ವಿಚ್ ಆರಿಸಿ ಬಾಗಿಲು ಮುಚ್ಚಿದವನು ಆ ಅರ್ಧ ಲೀಟರನ್ನು ಒಳಗೇ ಕೂಡಿಹಾಕಿ ಬೀಗ ಹಾಕಿದಂತಾಯಿತು.

ಸರಿಯಾಗಿ ತೊಳೆದ ಊಟದ ಡಬ್ಬಿಯನ್ನೂ ಒದ್ದೆಯಿರುವಾಗಲೇ ಮುಚ್ಚಳ ಒತ್ತಿ ಇಟ್ಟರೆ ಮರುದಿನ ಏನು ವಾಸನೆ ಬರುತ್ತದೆಂದು ಶಾಲೆಗೆ ಮಕ್ಕಳನ್ನು ಕಳಿಸುವ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಗಾಡಿಯನ್ನು ನಿಲ್ಲಿಸುವ ದಿನವೇ ಫ್ರಿಜ್ಜನ್ನು ಮುಗಿಸಿಬಿಡುತ್ತೇನೆ ಎನ್ನುವವರೇ ಸಿಕ್ಕಿಬೀಳುವುದು. ಎರಡು ದಿನ ಮೊದಲೇ ಆರಿಸಬೇಕು. ಒಳಗಿರುವುದನ್ನೆಲ್ಲ ತೆಗೆಯಬೇಕು. ಸಾಸಿವೆ ಸಾಸು, ಜಾಮು, ಬೆಣ್ಣೆ ಎಲ್ಲ ‘ಕೆಡುವುದಿಲ್ಲ, ಇರಲಿ’ ಎಂದು ಬಾಗಿಲಲ್ಲಿ ಉಳಿದುಬಿಡುವ ಸಾಮಾನುಗಳು. ಮುಚ್ಚಳ ಬಿಗಿಯಾಗಿದ್ದರೂ ಬೇಡ. ಗ್ಯಾಸ್, ಕರೆಂಟ್, ಬ್ಯಾಟರಿ ಮೂರೂ ಬಂದ್ ಆಗಿವೆಯೇ ನೋಡಬೇಕು. ಕೆಲವು ಮಾದರಿಗಳಲ್ಲಿ ಬಾಗಿಲಿನ ಚೌಕಟ್ಟು ಬೆವರದಂತೆ ಒಳಗೊಂದು ಸಣ್ಣ ಬಿಸಿತಂತಿ ಇರುತ್ತದೆ. ಅದಕ್ಕೆ ಬೇರೆಯೇ ಸ್ವಿಚ್. ಅದನ್ನು ಆರಿಸದೆ ಹೋದರೆ ಚಳಿಗಾಲದಲ್ಲಿ ಬ್ಯಾಟರಿ ಬರಿದು.

ಹಿಮ ಕರಗಿಸಲು ಬಾಗಿಲು ತೆರೆದು, ಒಳಗೆ ಬಟ್ಟೆ ಹಾಸಿ, ಬಿಸಿನೀರಿನ ಪಾತ್ರೆಯೊಂದನ್ನು ಇಟ್ಟರೆ ಸಾಕು. ಚಾಕು, ಸ್ಕ್ರೂಡ್ರೈವರ್ ಹಿಡಿದು ಕೆತ್ತಲು ಹೋಗಬಾರದು. ಈ ಮಾತನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಫ್ರೀಜರಿನ ತಗಡಿನ ಹಿಂದೆಯೇ ಕೊಳವೆ ಇದೆ. ಅಮೋನಿಯಾ ಫ್ರಿಜ್ಜಿನ ಕೊಳವೆಗೆ ತೂತು ಬಿದ್ದರೆ ಅದನ್ನು ಬೆಸೆದು ಸರಿಮಾಡುವ ಮಾತಿಲ್ಲ, ಹಿಂಬದಿಯ ಇಡೀ ಘಟಕವನ್ನೇ ಬದಲಿಸಬೇಕು. ಕಣ್ಣು ಉರಿಸುವ ಅಮೋನಿಯಾ ವಾಸನೆಯೂ ಹಿಂಬದಿಯಲ್ಲಿ ಹಳದಿ ಪುಡಿಯೂ ಕಂಡರೆ ಅದು ಸೋರುತ್ತಿದೆ ಎಂದರ್ಥ. ಅದು ಬೂಷ್ಟಿನ ವಾಸನೆಯಲ್ಲ, ತೊಳೆದರೆ ಹೋಗುವುದೂ ಇಲ್ಲ. ಕಿಟಕಿ ತೆರೆದು ಹೊರಗೆ ಬಂದು ಮೆಕ್ಯಾನಿಕ್‌ನನ್ನು ಕರೆಯಬೇಕು.

ಕೆಳಗಿನ ಭಾಗದಲ್ಲಿ, ಒಳಗೋಡೆಗೆ ಸಾಲಾಗಿ ಅಲ್ಯೂಮಿನಿಯಂ ರೆಕ್ಕೆಗಳು ಇರುತ್ತವೆ. ಅಂಚು ಹರಿತ, ಬೆರಳು ಜೋಪಾನ. ಆ ರೆಕ್ಕೆಗಳಲ್ಲಿ ಒಂದಕ್ಕೆ ತಂಪು ಅಳೆಯುವ ಪುಟ್ಟ ಸಾಧನವೊಂದನ್ನು ಕ್ಲಿಪ್ ಹಾಕಿ ಸಿಕ್ಕಿಸಿರುತ್ತಾರೆ. ಒರೆಸುವ ಭರದಲ್ಲಿ ಅದು ಕಳಚಿಕೊಂಡರೆ ಮುಂದಿನ ವರ್ಷ ಫ್ರಿಜ್ ಹುಚ್ಚುಹುಚ್ಚಾಗಿ ವರ್ತಿಸುತ್ತದೆ. ರೆಕ್ಕೆಯಿಂದ ತೊಟ್ಟಿಕ್ಕುವ ನೀರಿಗೆ ಕೆಳಗೆ ಒಂದು ದೋಣಿಯಂಥ ತಟ್ಟೆ, ಅಲ್ಲಿಂದ ಹಿಂಬದಿಗೆ ಒಂದು ಸಪೂರ ನಳಿಕೆ. ಇಡೀ ಫ್ರಿಜ್ಜಿನಲ್ಲಿ ಅತಿ ಕೊಳಕು ಜಾಗ ಈ ನಳಿಕೆ. ಚೆಲ್ಲಿದ ಹಾಲು, ಹಣ್ಣಿನ ರಸ ಎಲ್ಲ ಕೊನೆಗೆ ಸೇರುವುದು ಅಲ್ಲಿಗೆ. ಉಗುರುಬಿಸಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ಅದು ಹೊರಗೆ ಸ್ವಚ್ಛವಾಗಿ ಬರುವ ತನಕ ಹರಿಸಬೇಕು. ಒಳಗೆಲ್ಲ ಒರೆಸಿ ಫಳಫಳ ಮಾಡಿದ ಮೇಲೂ ವಾಸನೆ ಉಳಿದಿದೆ ಎಂದು ಕೊರಗುವವರಿಗೆ ನಾನು ಮೊದಲು ಕೇಳುವುದು ಈ ನಳಿಕೆಯ ವಿಷಯ.

ತೊಳೆಯಲು ಅಡುಗೆ ಸೋಡಾ ಸಾಕು. ಒಂದು ಲೀಟರ್ ಬೆಚ್ಚನೆ ನೀರಿಗೆ ಎರಡು ದೊಡ್ಡ ಚಮಚ. ಕಪಾಟಿನ ತಟ್ಟೆಗಳನ್ನು, ತರಕಾರಿಯ ಡಬ್ಬವನ್ನು ಹೊರಗೆ ತಂದು ಸೋಪಿನಲ್ಲಿ ತೊಳೆದು ಬಿಸಿಲಿಗೆ ಇಡಬೇಕು. ಬಾಗಿಲಿನ ರಬ್ಬರಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಸರಿ. ಮಡಿಕೆಯನ್ನು ಬಿಡಿಸಿ, ಒಳಗಿನ ಗೆರೆಯುದ್ದಕ್ಕೂ ಉಜ್ಜಿ, ಒಣಬಟ್ಟೆಯಿಂದ ಒತ್ತಿ ತೇವ ತೆಗೆಯಬೇಕು. ಈಗಾಗಲೇ ಬೂಷ್ಟು ಕಟ್ಟಿದ್ದರೆ ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು ಸೋಪು ನೀರಿನಿಂದ ತೊಳೆದು, ಆಮೇಲೆ ವಿನೆಗರ್ ಸವರಬಹುದು. ರಬ್ಬರಿನ ಮೇಲೆ ಕಪ್ಪು ಕಲೆ ಉಳಿದರೆ ಉಳಿಯಲಿ, ಬೂಷ್ಟು ಹೋದ ಮೇಲೂ ಕಲೆ ಉಳಿಯುವುದುಂಟು. ಅದರ ಮೇಲಿನ ಸಿಟ್ಟಿಗೆ ಬ್ಲೀಚ್ ಸುರಿಯುವವರಿದ್ದಾರೆ. ಬ್ಲೀಚ್ ಪದೇ ಪದೇ ತಾಗಿದರೆ ರಬ್ಬರ್ ಗಡುಸಾಗಿ ಬಿರಿಯುತ್ತದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು: ಬ್ಲೀಚಿಗೆ ವಿನೆಗರ್ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಸೇರಿದರೆ ಇನ್ನೊಂದು ಬಗೆಯ ವಿಷಗಾಳಿ. ಗಾಡಿಯಂಥ ಕಿರಿದಾದ ಜಾಗದಲ್ಲಿ ಇವನ್ನು ಒಟ್ಟಿಗೆ ಬಳಸುವುದು ಅಪಾಯ. ಮನೆಯ ಬಚ್ಚಲಲ್ಲಿ ಬಳಸುವಾಗಲೂ ಇದು ನೆನಪಿರಲಿ.

ತೊಳೆದಾಯಿತು. ಈಗ ಮಾಡಬೇಕಾದ ಕೆಲಸ, ಏನೂ ಮಾಡದಿರುವುದು. ಬಾಗಿಲು ತೆರೆದು ಒಂದು ಹಗಲು, ಒಂದು ರಾತ್ರಿ ಬಿಟ್ಟುಬಿಡಬೇಕು. ಸಾಧ್ಯವಾದರೆ ಎದುರಿಗೆ ಒಂದು ಸಣ್ಣ ಫ್ಯಾನ್. ಒದ್ದೆಯಾದದ್ದು 24ರಿಂದ 48 ಗಂಟೆಗಳೊಳಗೆ ಒಣಗಿದರೆ ಬೂಷ್ಟು ಸಾಮಾನ್ಯವಾಗಿ ಹತ್ತುವುದಿಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಗಳ ವಿಚಾರದಲ್ಲಿ ಹೇಳುತ್ತದೆ. ಒಳಗಿನ ಗಾಳಿಯ ತೇವಾಂಶ ನೂರಕ್ಕೆ 60ರ ಕೆಳಗಿರಲಿ ಎಂಬುದೂ ಅವರದೇ ಮಾತು. ಗಾಡಿಗೂ ಅದೇ ಅಳತೆ.

ಒಣಗಿದ ಮೇಲೂ ಬಾಗಿಲು ಮುಚ್ಚುವಂತಿಲ್ಲ. ನೆರೆಯ ಹಿರಿಯರೊಬ್ಬರು ಹೀಗೆ ಗಾಡಿಯನ್ನು ಸಜ್ಜು ಮಾಡಿಟ್ಟಿದ್ದರು. ಕಿಟಕಿಯಿಂದ ಕಂಡ ನನ್ನ ಮಗ, “ಅಪ್ಪ, ಅವರ ಫ್ರಿಜ್ ಬಾಗಿಲು ತೆರೆದೇ ಉಂಟು, ಹೇಳಿ ಬರ್ಲಾ?” ಎಂದ. “ಬೇಡ ಮಾರಾಯ, ಬೇಕಂತಲೇ ತೆರೆದಿಟ್ಟಿದ್ದಾರೆ” ಎಂದೆ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನು ಅವನು.

ಆರ್‌ವಿ ಫ್ರಿಜ್ಜಿನ ಬಾಗಿಲಿಗೆ ಚಿಲಕ ಇರುತ್ತದೆ, ಇಲ್ಲದಿದ್ದರೆ ಗಾಡಿ ತಿರುವಿನಲ್ಲಿ ಹೊರಳಿದಾಗ ಮೊಟ್ಟೆಗಳೆಲ್ಲ ನೆಲಕ್ಕೆ. ಅನೇಕ ಮಾದರಿಗಳಲ್ಲಿ ಆ ಚಿಲಕಕ್ಕೆ ಇನ್ನೊಂದು ನೆಲೆಯೂ ಇದೆ. ಅಲ್ಲಿಗೆ ಸರಿಸಿದರೆ ಬಾಗಿಲು ಒಂದೆರಡು ಬೆರಳಿನಷ್ಟು ತೆರೆದೇ ನಿಲ್ಲುತ್ತದೆ, ಮುಚ್ಚುವುದೂ ಇಲ್ಲ, ಪೂರಾ ತೆರೆದು ಬಡಿದುಕೊಳ್ಳುವುದೂ ಇಲ್ಲ. ಗಾಡಿ ನಿಲ್ಲಿಸಿಡುವ ಕಾಲಕ್ಕೆಂದೇ ಕಂಪನಿಯವರು ಮಾಡಿಟ್ಟದ್ದು ಇದು. ಹಲವರು ಇದನ್ನು ಗಮನಿಸಿಯೇ ಇರುವುದಿಲ್ಲ. ಇಂಥ ನೆಲೆ ಇಲ್ಲದಿದ್ದರೆ ಸುರುಳಿ ಸುತ್ತಿದ ಒಣ ಟವೆಲೊಂದನ್ನು ಬಾಗಿಲ ಸಂದಿನಲ್ಲಿ ಇಟ್ಟರಾಯಿತು. ಫ್ರೀಜರಿಗೆ ಬೇರೆ ಬಾಗಿಲಿದ್ದರೆ ಅದಕ್ಕೂ ಒಂದು.

ಚಿಲಕದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ ಹೇಳಬೇಕು, ಇದು ನಗುವ ವಿಷಯವಲ್ಲ. ಒಂದು ಕಾಲಕ್ಕೆ ಮನೆಯ ಫ್ರಿಜ್ಜುಗಳಿಗೂ ಹೊರಗಿನಿಂದ ಮಾತ್ರ ತೆರೆಯುವ ಗಟ್ಟಿ ಚಿಲಕ ಇರುತ್ತಿತ್ತು. ಹಿತ್ತಲಿಗೆ ಎಸೆದ ಫ್ರಿಜ್ಜಿನಲ್ಲಿ ಕಣ್ಣಾಮುಚ್ಚಾಲೆ ಆಡುತ್ತ ಅಡಗಿದ ಮಕ್ಕಳು ಒಳಗೇ ಉಸಿರುಗಟ್ಟಿ ಸತ್ತರು. ಒಬ್ಬಿಬ್ಬರಲ್ಲ. ಕೊನೆಗೆ ಅಮೆರಿಕದ ಕಾಂಗ್ರೆಸ್ 1956ರಲ್ಲಿ ಫ್ರಿಜ್ ಸುರಕ್ಷತೆಯ ಕಾಯಿದೆ ತಂದಿತು. 1958ರ ಅಕ್ಟೋಬರ್ ಕೊನೆಯ ನಂತರ ಬರುವ ಮನೆಬಳಕೆಯ ಫ್ರಿಜ್ಜುಗಳು ಒಳಗಿನಿಂದಲೂ ತೆರೆಯುವಂತಿರಬೇಕಾಯಿತು. ಇವತ್ತು ನಮ್ಮೆಲ್ಲರ ಫ್ರಿಜ್ಜಿಗೆ ಚಿಲಕವಿಲ್ಲದೆ, ರಬ್ಬರಿನೊಳಗಿನ ಅಯಸ್ಕಾಂತವೇ ಬಾಗಿಲು ಹಿಡಿದಿಡುವುದು ಆ ಬದಲಾವಣೆಯ ಫಲ. ನಿಲ್ಲಿಸಿದ ಗಾಡಿಯಲ್ಲಿ ಇನ್ನೂ ಚಿಲಕವಿರುವ ಫ್ರಿಜ್ ಇರುವಾಗ, ಅದು ಖಾಲಿಯೂ ಇರುವಾಗ, ಗಾಡಿಯ ಬಾಗಿಲಿಗೆ ಬೀಗ ಹಾಕಲೇಬೇಕು. ಹಳೆಯ ಫ್ರಿಜ್ಜನ್ನು ಗುಜರಿಗೆ ಹಾಕುವವರು ಬಾಗಿಲನ್ನು ಕಳಚಿಯೇ ಹಾಕಬೇಕು.

ವಾಸನೆ ಹೀರುವ ವಸ್ತುಗಳ ಬಗ್ಗೆ ಹೇಳದಿದ್ದರೆ ಕೇಳುಗರು ಪತ್ರ ಬರೆಯುತ್ತಾರೆ. ಅಡುಗೆ ಸೋಡಾದ ಡಬ್ಬಿಯನ್ನು ತೆರೆದು ಫ್ರಿಜ್ಜಿನಲ್ಲಿಡುವ ರೂಢಿ ಅಮೆರಿಕದ ಮನೆಮನೆಗೆ ಹರಡಿದ್ದು 1972ರ ಹೊತ್ತಿಗೆ ಆರ್ಮ್ ಅಂಡ್ ಹ್ಯಾಮರ್ ಎಂಬ ಸೋಡಾ ಕಂಪನಿ ಜಾಹೀರಾತು ಕೊಟ್ಟ ಮೇಲೆ. ಮನೆಯಲ್ಲಿ ಕೇಕ್ ಮಾಡುವವರು ಕಡಿಮೆಯಾಗುತ್ತಿದ್ದರೆ ಸೋಡಾ ಮಾರುವುದು ಹೇಗೆ? ಡಬ್ಬಿ ತೆರೆದು ಫ್ರಿಜ್ಜಿನಲ್ಲಿಡಿ, ಕೆಲವು ತಿಂಗಳಾದ ಮೇಲೆ ಹೊಸತು ಕೊಳ್ಳಿ. ವ್ಯಾಪಾರದ ಬುದ್ಧಿವಂತಿಕೆಗೆ ತಲೆದೂಗಲೇಬೇಕು. ಸೋಡಾ ಹುಳಿ ವಾಸನೆಯನ್ನು ಸ್ವಲ್ಪ ತಗ್ಗಿಸುತ್ತದೆ ನಿಜ, ತೇವವನ್ನು ತೆಗೆಯುವುದಿಲ್ಲ. ವಾಸನೆಗೆ ಅದಕ್ಕಿಂತ ಚುರುಕಾದದ್ದು ಸಕ್ರಿಯ ಇದ್ದಿಲು, ಮೀನಿನ ತೊಟ್ಟಿಯ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಮುದ್ದೆ ಮಾಡಿದ ಹಳೆಯ ಪತ್ರಿಕೆಯೂ ತಕ್ಕಮಟ್ಟಿಗೆ ತೇವ ಹೀರುತ್ತದೆ, ಹೀರಿದ ಮೇಲೆ ಅದನ್ನು ತೆಗೆದು ಎಸೆಯಬೇಕು ಅಷ್ಟೆ. ಕಾಫಿಪುಡಿ ಇಡುವವರೂ ಇದ್ದಾರೆ. ಪುಡಿ ಒಣಗಿದ್ದರೆ ಪರವಾಗಿಲ್ಲ. ಡಿಕಾಕ್ಷನ್ ಇಳಿಸಿದ ಒದ್ದೆ ಚರಟವನ್ನು ಇಟ್ಟರೆ ವಾರದೊಳಗೆ ಅದರ ಮೇಲೇ ಬೂಷ್ಟು ಬೆಳೆಯುತ್ತದೆ.

ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡಿನ ಹರಳುಗಳನ್ನೂ ಮಾರುತ್ತಾರೆ. ಅವು ಗಾಳಿಯ ನೀರನ್ನು ಎಳೆದುಕೊಂಡು ತಾವೇ ಕರಗಿ ಉಪ್ಪುನೀರಾಗುತ್ತವೆ. ಆ ನೀರು ಚೆಲ್ಲಿದರೆ ಲೋಹವನ್ನು ತಿನ್ನುತ್ತದೆ, ಹಾಗಾಗಿ ಬೋಗುಣಿಯನ್ನು ಫ್ರಿಜ್ಜಿನೊಳಗೆ ಆ ಅಲ್ಯೂಮಿನಿಯಂ ರೆಕ್ಕೆಗಳ ಹತ್ತಿರ ಇಡದೆ ಗಾಡಿಯ ನೆಲದ ಮೇಲೋ ತೊಳೆಯುವ ತೊಟ್ಟಿಯಲ್ಲೋ ಇಡಬೇಕು. ಮತ್ತು ಗಾಡಿಯ ಕಿಟಕಿಗಳು ಮುಚ್ಚಿರಬೇಕು. ಕಿಟಕಿ ತೆರೆದಿಟ್ಟು ಈ ಹರಳು ಇಟ್ಟರೆ ಅದು ಇಡೀ ಮಿಷಿಗನ್ನಿನ ಆಕಾಶವನ್ನು ಒಣಗಿಸಲು ಹೊರಟಂತೆ.

ಊರಿಂದ ಊರಿಗೆ ಈ ಕ್ರಮ ಬದಲಾಗುತ್ತದೆ. ಉತ್ತರದ ಕಡುಚಳಿಯಲ್ಲಿ, ಎಲ್ಲವೂ ಹೆಪ್ಪುಗಟ್ಟಿರುವಾಗ ಬೂಷ್ಟು ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಅಲ್ಲಿ ಅಪಾಯದ ದಿನಗಳು ಗಾಡಿ ನಿಲ್ಲಿಸಿದ ಮೊದಲ ವಾರಗಳು, ಮತ್ತೆ ವಸಂತದ ಬಿಸಿಲಿಗೆ ಮುಚ್ಚಿದ ಗಾಡಿ ಕಾಯತೊಡಗುವ ಏಪ್ರಿಲ್. ಚಳಿಗಾಲ ಕಳೆಯಲು ಅರಿಜೋನಾಕ್ಕೆ ಹೋಗುವವರದ್ದು ತಿರುವುಮುರುವು: ಅವರು ಬೇಸಿಗೆಯಲ್ಲಿ ಗಾಡಿ ನಿಲ್ಲಿಸುತ್ತಾರೆ. ಮರುಭೂಮಿಯ ಒಣಗಾಳಿಗೆ ಬೂಷ್ಟಿನ ಕಾಟ ಕಡಿಮೆ. ಬಿಸಿ ಮಾತ್ರ 43 ಡಿಗ್ರಿಯನ್ನೂ ದಾಟುತ್ತದೆ, ಮರೆತ ಒಂದು ಮಾಂಸದ ಚೂರು ಸಾಕು. ಫ್ಲಾರಿಡಾ, ಲೂಸಿಯಾನಾ ಕಡೆಯ ಕರಾವಳಿಯದ್ದು ನಮ್ಮ ಮಂಗಳೂರಿನದೇ ಹವೆ. ಅಲ್ಲಿ ಬಾಗಿಲು ತೆರೆದಿಟ್ಟರಷ್ಟೇ ಸಾಲದು, ಗಾಡಿಯೊಳಗೆ ತೇವ ತೆಗೆಯುವ ಯಂತ್ರವನ್ನೇ ಓಡಿಸುತ್ತಾರೆ.

ಲೂಸಿಯಾನಾ ಎಂದಾಗ 2005ರ ಕತ್ರಿನಾ ಚಂಡಮಾರುತದ ನಂತರದ ನ್ಯೂ ಆರ್ಲಿಯನ್ಸ್ ನೆನಪಾಗುತ್ತದೆ. ಜನ ಊರು ಬಿಟ್ಟು ಹೋಗಿದ್ದರು. ವಾರಗಟ್ಟಲೆ ಕರೆಂಟಿಲ್ಲ, ಆಗಸ್ಟ್ ಕೊನೆಯ ಸೆಖೆ, ಫ್ರಿಜ್ಜುಗಳ ತುಂಬ ಮೀನು, ಸಿಗಡಿ. ಮರಳಿ ಬಂದವರು ಬಾಗಿಲು ತೆಗೆಯುವ ಧೈರ್ಯ ಮಾಡದೆ, ಸುತ್ತ ಅಂಟುಪಟ್ಟಿ ಸುತ್ತಿ ಸಾವಿರಾರು ಫ್ರಿಜ್ಜುಗಳನ್ನು ಬೀದಿಬದಿಗೆ ತಂದಿಟ್ಟರು. ಅವುಗಳ ಬಿಳಿ ಬಾಗಿಲ ಮೇಲೆ ರಾಜಕಾರಣಿಗಳ ಬಗ್ಗೆ, ಒಳಗಿರುವುದರ ಬಗ್ಗೆ ತಮಾಷೆಯ ಸಾಲುಗಳನ್ನೂ ಬರೆದರು. ಕಂಪ್ರೆಸರ್ ಕೆಟ್ಟದ್ದಕ್ಕಲ್ಲ ಅವನ್ನು ಎಸೆದದ್ದು. ಕೊಳೆತ ರಸ ಪ್ಲಾಸ್ಟಿಕ್ಕಿನ ಸಂದುಗಳಿಂದ ಇಳಿದು ಗೋಡೆಯೊಳಗಿನ ಫೋಮನ್ನು ಸೇರಿದರೆ ಅಲ್ಲಿಗೆ ಯಾವ ಬ್ರಷ್ಷೂ ತಲುಪುವುದಿಲ್ಲ.

ಇನ್ನು ನಮ್ಮ ಕಡೆಯ ವಿಷಯ. ನಮ್ಮಲ್ಲಿ ಆರ್‌ವಿ ಇಟ್ಟುಕೊಂಡವರು ಅಪರೂಪ. ಆದರೆ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರು ಊರೂರಲ್ಲಿ ಇದ್ದಾರೆ. ಅಲ್ಲಿಯ ಚಳಿ ತಪ್ಪಿಸಲು ಏಪ್ರಿಲ್ ಮೇ ತಿಂಗಳಲ್ಲಿ ಹೊರಟು ಅಕ್ಟೋಬರ್ ಹೊತ್ತಿಗೆ ಮರಳುತ್ತಾರೆ, ಅಂದರೆ ನಮ್ಮ ಇಡೀ ಮಳೆಗಾಲ ಮನೆಗೆ ಬೀಗ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಆ ನಾಲ್ಕು ತಿಂಗಳು ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಆಗ ಫ್ರಿಜ್ಜನ್ನು ಏನು ಮಾಡುವುದು? ಓಡಿಸುತ್ತಲೇ ಬಿಟ್ಟು ಹೋಗುವವರಿದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ. ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋಗುವುದು ನಮಗೆ ಹೊಸತಲ್ಲ. ಫ್ರೀಜರಿನಲ್ಲಿ ಒಂದು ಪೊಟ್ಟಣ ಅಂಜಲ್ ಮೀನು ಉಳಿದಿದ್ದರೆ ನ್ಯೂ ಆರ್ಲಿಯನ್ಸಿನ ಕಥೆ ನಮ್ಮ ಅಡುಗೆಮನೆಯಲ್ಲೇ ನಡೆದೀತು.

ಹೊರಡುವ ಮೊದಲು, ಬೇಸಿಗೆಯ ಬಿಸಿಲು ಇರುವಾಗಲೇ, ಖಾಲಿ ಮಾಡಿ, ತೊಳೆದು, ಒಣಗಿಸಿ, ಪ್ಲಗ್ ಕಿತ್ತು, ಬಾಗಿಲು ತೆರೆದಿಡಬೇಕು. ಮನೆಯ ಗಾಳಿಯೇ ಒದ್ದೆಯಾಗಿರುವಾಗ ತೆರೆದ ಬಾಗಿಲಿನಿಂದ ಪೂರ್ಣ ರಕ್ಷಣೆ ಸಿಗುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಅಲ್ಲಿ ತೊಳೆದ ಶುಚಿಯೇ ಕಾಯಬೇಕು: ಜಿಡ್ಡಿಲ್ಲದ ಪ್ಲಾಸ್ಟಿಕ್ಕಿನ ಮೇಲೆ ಬೂಷ್ಟಿಗೆ ಆಹಾರವಿಲ್ಲ. ಕೀಲಿಕೈ ಕೊಟ್ಟು ಹೋದ ನೆರೆಮನೆಯವರು ವಾರಕ್ಕೊಮ್ಮೆ ಬಂದು ಒಂದರ್ಧ ಗಂಟೆ ಫ್ಯಾನ್ ಹಾಕಿದರೆ ದೊಡ್ಡ ಉಪಕಾರ.

ಒಂದನ್ನು ಮಾತ್ರ ಮರೆಯಲೇಬಾರದು. ಮನೆಯ ಫ್ರಿಜ್ಜಿನ ಹಿಂದೆ, ಕಂಪ್ರೆಸರಿನ ಬಳಿ ಒಂದು ತಟ್ಟೆ ಇದೆ. ಕರಗಿದ ಹಿಮದ ನೀರು ಅಲ್ಲಿ ಬೀಳುತ್ತದೆ. ಫ್ರಿಜ್ ಓಡುತ್ತಿದ್ದಾಗ ಕಂಪ್ರೆಸರಿನ ಬಿಸಿಗೆ ಆ ನೀರು ಆರಿಹೋಗುತ್ತದೆ, ನಿಲ್ಲಿಸಿದ ಮೇಲೆ ಹಾಗೇ ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆ ಇಡಲು ಅಷ್ಟು ನೀರು ಧಾರಾಳ. ಆರೋಗ್ಯ ಇಲಾಖೆಯವರು ಮನೆಗೆ ಬಂದಾಗ ಹೂಕುಂಡದ ಜೊತೆಗೆ ಫ್ರಿಜ್ಜಿನ ತಟ್ಟೆಯನ್ನೂ ಕೇಳುವುದು ಇದಕ್ಕೇ. ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆದು ಆ ತಟ್ಟೆಯ ನೀರು ಚೆಲ್ಲಿ ಒರೆಸಿ ಹೊರಡಿ.

ಮರಳಿ ಬಂದ ದಿನದ ಮಾತೊಂದು ಬಾಕಿ. ಆರ್‌ವಿಯವರು ಏಪ್ರಿಲ್‌ನಲ್ಲಿ ಗ್ಯಾಸ್ ಹಚ್ಚುವ ಮೊದಲು ಗಾಡಿಯ ಹೊರಬದಿಯ ಜಾಲರಿ ತೆಗೆದು ಉರಿ ಬರುವ ಕೊಳವೆಯನ್ನು ನೋಡುತ್ತಾರೆ. ಜೇಡ ಬಲೆ ಕಟ್ಟಿರುತ್ತದೆ, ಕಣಜ ಮಣ್ಣಿನ ಗೂಡು ಮಾಡಿರುತ್ತದೆ. ಗಾಡಿಯನ್ನು ಸಮತಟ್ಟು ನಿಲ್ಲಿಸಿಯೇ ಹಚ್ಚಬೇಕು, ಓರೆ ನಿಂತ ಗಾಡಿಯಲ್ಲಿ ಅಮೋನಿಯಾ ನೀರು ಸರಿಯಾಗಿ ಹರಿಯದೆ ಕುದಿಸುವ ಕೊಳವೆ ಕಾದುಹೋಗುತ್ತದೆ. ಆಮೇಲೂ ತಾಳ್ಮೆ ಬೇಕು. ಈ ಉರಿಯ ಫ್ರಿಜ್ಜುಗಳು ನಿಧಾನ, ಪೂರ್ತಿ ತಂಪಾಗಲು ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ. ಮನೆಯ ಕಂಪ್ರೆಸರ್ ಫ್ರಿಜ್ ಅಷ್ಟು ಕಾಯಿಸುವುದಿಲ್ಲ. ಆದರೂ ಒಳಗೆ ಒಮ್ಮೆ ಬಟ್ಟೆ ಆಡಿಸಿ, ಬಾಗಿಲು ಮುಚ್ಚಿ ಸ್ವಿಚ್ ಹಾಕಿ, ಮೊದಲ ರಾತ್ರಿ ಖಾಲಿಯಾಗಿಯೇ ಓಡಲು ಬಿಡಿ. ವಿಮಾನ ಇಳಿದು ಬಂದ ದಣಿವಿಗೆ ಒಂದು ಲೋಟ ಕಾಫಿ ಬೇಕೆನಿಸಿದರೆ ಹಾಲು ನೆರೆಮನೆಯಲ್ಲಿ ಕೇಳಿ, ಕೀಲಿಕೈ ಇಸಕೊಳ್ಳಲು ಹೇಗೂ ಅಲ್ಲಿಗೆ ಹೋಗಲೇಬೇಕಲ್ಲ.